ಮೂರು ಸಲ ಓದಿದರೆ ಸ್ವರ್ಗ

ಅಪರೂಪದ ದೇಶಗಳ ಮಾರ್ಗದರ್ಶಿ ಪುಸ್ತಕ ಬರೆಯುವ ಮಹನೀಯರಿಗೆ,



ಪ್ಯಾರಿಸ್, ಸಿಂಗಪುರಗಳ ಬಗ್ಗೆ ಬರೆಯುವ ನಿಮ್ಮ ದಾಯಾದಿಗಳಿಗೆ ಈ ಪತ್ರ ಅನ್ವಯಿಸುವುದಿಲ್ಲ. ಅವರು ಒಂದು ಹೋಟೆಲಿನ ಬಾಗಿಲು ಎಡಕ್ಕಿದೆ ಎಂಬುದನ್ನು ಬಲಕ್ಕಿದೆ ಎಂದು ಬರೆದರೂ ಮರುದಿನವೇ ನೂರು ಜನ ಕುತ್ತಿಗೆ ಪಟ್ಟಿ ಹಿಡಿಯುತ್ತಾರೆ. ನಿಮ್ಮ ಪೂರ್ವಜನ್ಮದ ಪುಣ್ಯ ದೊಡ್ಡದು. ನೀವು ಬರೆದ ದೇಶಕ್ಕೆ ಹೋಗುವವರೇ ಬೆರಳೆಣಿಕೆ. ಹೋದವರ ಕೈಯಲ್ಲಿ ಇರುವುದೂ ನಿಮ್ಮದೇ ಪುಸ್ತಕ. ತಾಳೆ ನೋಡಲು ಇನ್ನೊಂದಿಲ್ಲ ಎಂದ ಮೇಲೆ ನೀವು ಬರೆದದ್ದೇ ವೇದ, ಬಿಟ್ಟದ್ದು ಇಲ್ಲವೇ ಇಲ್ಲ.

ಮಾತಿಗೆ ತುರ್ಕ್‌ಮೆನಿಸ್ತಾನವನ್ನೇ ತೆಗೆದುಕೊಳ್ಳೋಣ. ಆ ದೇಶದ ಅಧ್ಯಾಯದಲ್ಲಿ ನೀವು ಯಾರೊಬ್ಬರೂ ಬಿಡದೆ ಬರೆಯುವ ಒಂದು ಪ್ರಸಂಗವಿದೆ: ರುಹ್ನಾಮಾ. ಮೊದಲ ಅಧ್ಯಕ್ಷ ಸಪರ್ಮುರಾತ್ ನಿಯಾಜೊವ್ ಬರೆದ ಪುಸ್ತಕ ಅದು. 2001ರಲ್ಲಿ ಮೊದಲ ಭಾಗ ಬಂತು. ಆಗ ಶಾಲೆಯಲ್ಲಿ ಅದೇ ಪಾಠ, ಸರ್ಕಾರಿ ನೌಕರಿಗೆ ಅದೇ ಪರೀಕ್ಷೆ, ಡ್ರೈವಿಂಗ್ ಲೈಸೆನ್ಸ್ ಬೇಕೆಂದರೂ ಅದರಲ್ಲೇ ಪ್ರಶ್ನೆ. 2005ರಲ್ಲಿ ಅದರ ಒಂದು ಪ್ರತಿ ರಾಕೆಟ್ ಹತ್ತಿ ಬಾಹ್ಯಾಕಾಶಕ್ಕೂ ಹೋಯಿತು. ಮಾರನೆಯ ವರ್ಷ ಲೇಖಕರೇ ಒಂದು ಶುಭವಾರ್ತೆ ಕೊಟ್ಟರು: ಮೂರು ಸಲ ಓದಿದವರಿಗೆ ಸ್ವರ್ಗ ಖಚಿತ, ಈ ವಿಷಯವನ್ನು ದೇವರ ಹತ್ತಿರ ಮಾತಾಡಿಕೊಂಡಾಗಿದೆ.

ಇದನ್ನು ನೀವು ಬಹಳ ರಸವತ್ತಾಗಿ ಬರೆಯುತ್ತೀರಿ. ಓದಿ ನಾವೂ ಹೊಟ್ಟೆ ಹಿಡಿದು ನಗುತ್ತೇವೆ. ಒಂದೇ ಪುಸ್ತಕ ನಂಬಿ ಬದುಕಿದ ಜನ, ಪಾಪ! ನಕ್ಕು ಸುಸ್ತಾದ ಮೇಲೆ ನಿಮ್ಮ ಪುಸ್ತಕ ತೆರೆದು, ಇವತ್ತು ಎಲ್ಲಿ ಉಣ್ಣಬೇಕು, ಯಾವ ಗೋರಿಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ನೋಡಿ ಬೆರಗಾಗಬೇಕು ಎಂದು ಹುಡುಕುತ್ತೇವೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಲೆಕ್ಕ ಮೂರೇ ಆಗುತ್ತದೆ, ಗಮನಿಸಿ.

ನಿಮಗೂ ನಿಯಾಜೊವರಿಗೂ ಒಂದೇ ವ್ಯತ್ಯಾಸ. ಅವರ ಮಾತು ತಪ್ಪಾಗಿದ್ದರೆ ದೇಶವನ್ನೇ ಬದಲಿಸಿ ಸರಿಮಾಡುವ ಅಧಿಕಾರ ಅವರಿಗಿತ್ತು. ನಿಮಗಿಲ್ಲ. ರಾಜಧಾನಿ ಅಶ್ಗಾಬಾತಿನ ಬೀದಿಗಳ ಹೆಸರು ಅವರಿಗೆ ಸರಿಬರಲಿಲ್ಲ. ಕೆಲವು ದೊಡ್ಡ ರಸ್ತೆಗಳನ್ನು ಬಿಟ್ಟು ಉಳಿದವಕ್ಕೆಲ್ಲ ನಾಲ್ಕಂಕಿಯ ಸಂಖ್ಯೆ ಕೊಟ್ಟರು, ಅದೂ 2000ದಿಂದ ಶುರುಮಾಡಿ. ನೀವು ಕಷ್ಟಪಟ್ಟು ನಕ್ಷೆ ತಿದ್ದಿದಿರಿ. ತಿದ್ದುವಷ್ಟರಲ್ಲಿ ಮುಂದಿನ ಅಧ್ಯಕ್ಷರ ಕಾಲ ಬಂತು, ಬೀದಿಗಳಿಗೆ ಮತ್ತೆ ಹೆಸರುಗಳು ಬಂದವು. ಊರಿನವರು ಮಾತ್ರ ಈ ಯಾವ ತಾಪತ್ರಯಕ್ಕೂ ಹೋಗದೆ ಸೋವಿಯತ್ ಕಾಲದ ಹೆಸರನ್ನೋ ಹತ್ತಿರದ ಅಂಗಡಿಯ ಗುರುತನ್ನೋ ಹೇಳಿಕೊಂಡು ಓಡಾಡಿದರು. ನಮ್ಮಲ್ಲಿ ಸರ್ಕಲ್ಲಿಗೆ ಯಾವ ಮಹಾಪುರುಷರ ಹೆಸರಿಟ್ಟರೂ ಜನ ಹಳೆಯ ಟಾಕೀಸಿನ ಹೆಸರು ಹೇಳಿಯೇ ಆಟೋ ಹತ್ತುವುದಿಲ್ಲವೇ? ಆದರೆ ಊರಿನವರನ್ನು ಕೇಳುವುದು ನಿಮ್ಮ ನಕ್ಷೆಗೆ ಅವಮಾನ ಎಂದು ಭಾವಿಸುವ ಸ್ವಾಭಿಮಾನಿ ಪ್ರವಾಸಿಗರನ್ನು ನೀವು ತಯಾರು ಮಾಡಿಟ್ಟಿದ್ದೀರಿ.

ಊರ ನಡುವೆ ತಟಸ್ಥತೆಯ ಕಮಾನು ಎಂಬ ಸ್ಮಾರಕವಿತ್ತು. 75 ಮೀಟರ್ ಎತ್ತರ. ನೆತ್ತಿಯ ಮೇಲೆ ಚಿನ್ನ ಮೆತ್ತಿದ 12 ಮೀಟರಿನ ನಿಯಾಜೊವ್, ಸೂರ್ಯ ಎತ್ತ ಹೋದರೆ ಅತ್ತ ಮುಖ ತಿರುಗಿಸುತ್ತ. ಊರಲ್ಲಿ ದಿಕ್ಕು ತಪ್ಪಿದವರಿಗೆ ಅದೇ ಗುರುತು. 2010ರಲ್ಲಿ ಬಿಚ್ಚಿದರು, ಮರುವರ್ಷ ಊರಾಚೆ ದಕ್ಷಿಣಕ್ಕೆ ಇನ್ನೂ ಎತ್ತರವಾಗಿ ಕಟ್ಟಿದರು. ಈಗ ಪ್ರತಿಮೆ ತಿರುಗುವುದಿಲ್ಲ. ಹಳೆಯ ಆವೃತ್ತಿ ಹಿಡಿದು ಹೋದವರು ಚೌಕದಲ್ಲಿ ನಿಂತು ಆಕಾಶ ನೋಡಿದ್ದಷ್ಟೇ ಬಂತು. ತಿಂಗಳುಗಳ ಕಥೆಯೂ ಇದೇ: 2002ರಲ್ಲಿ ನಿಯಾಜೊವ್ ಏಪ್ರಿಲ್ ತಿಂಗಳಿಗೆ ತಾಯಿಯ ಹೆಸರು, ಜನವರಿಗೆ ತಮ್ಮದೇ ಬಿರುದು ಇಟ್ಟರು. 2008ರಲ್ಲಿ ತಿಂಗಳುಗಳಿಗೆ ಮತ್ತೆ ಹಳೆಯ ಹೆಸರು ಬಂತು. ಇಂಥ ದೇಶದಲ್ಲಿ ನಿಮ್ಮ ಪುಸ್ತಕ ಹೋದ ಸಂವತ್ಸರದ ಪಂಚಾಂಗ ಹಿಡಿದು ಈ ವರ್ಷದ ಮದುವೆಗೆ ಮುಹೂರ್ತ ಇಟ್ಟಂತೆ.

ಹಣದ ವಿಚಾರ ಕೇಳಿ. 2015ರಿಂದ ಸರ್ಕಾರದ ಲೆಕ್ಕದಲ್ಲಿ ಒಂದು ಡಾಲರಿಗೆ ಮೂರೂವರೆ ಮನಾತ್. ಬಜಾರಿನ ಲೆಕ್ಕ ಅದರ ಹಲವು ಪಟ್ಟು, ಅದೂ ಏರುತ್ತ ಇಳಿಯುತ್ತ. ಎಂದರೆ ಒಂದೇ ಊಟಕ್ಕೆ, ಒಂದೇ ಮೇಜಿನಲ್ಲಿ, ಯಾವ ನೋಟು ಎಲ್ಲಿಂದ ಬಂತು ಎಂಬುದರ ಮೇಲೆ ಬೇರೆ ಬೇರೆ ಬೆಲೆ. ನೀವು ಮಾತ್ರ ಗಂಭೀರವಾಗಿ ‘ಮಧ್ಯಮ ದರ’ ಎಂದು ಬರೆದು ಎರಡು ಡಾಲರ್ ಚಿಹ್ನೆ ಹಾಕುತ್ತೀರಿ. ಯಾವುದರ ಮಧ್ಯ?

ಬಾಕುವಿನಿಂದ ತುರ್ಕ್‌ಮೆನ್‌ಬಾಶಿ ಬಂದರಿಗೆ ಕ್ಯಾಸ್ಪಿಯನ್ ಸಮುದ್ರ ದಾಟುವ ಹಡಗಿನ ಬಗ್ಗೆ ‘ನಿಗದಿತ ವೇಳಾಪಟ್ಟಿ ಇಲ್ಲ’ ಎಂದು ಒಂದೇ ಸಾಲು ಬರೆದಿರಿ. ಅದು ಸುಳ್ಳಲ್ಲ. ಆದರೆ ಸರಕು ತುಂಬುವ ತನಕ ಹಡಗು ಹೊರಡದು, ಹೊರಟರೂ ಬಂದರಿನಲ್ಲಿ ಜಾಗ ಸಿಗುವ ತನಕ ನಡುನೀರಿನಲ್ಲಿ ಲಂಗರು ಹಾಕಿ ನಿಲ್ಲುವುದುಂಟು, ಅಷ್ಟರಲ್ಲಿ ಐದು ದಿನದ ಟ್ರಾನ್ಸಿಟ್ ವೀಸಾ ಕರಗುತ್ತ ಬರುತ್ತದೆ ಎಂಬುದನ್ನು ಆ ಸಾಲಿನೊಳಗಿಂದ ಬಗೆದು ತೆಗೆಯುವುದಕ್ಕೆ ಭಾಷ್ಯಕಾರರೇ ಬೇಕು.

ಸಸ್ಯಾಹಾರಿಗಳ ಪಾಲಿಗೂ ನಿಮ್ಮ ಕರುಣೆ ಒಂದು ಸಾಲಿನದು: ‘ಸ್ವಲ್ಪ ತೊಂದರೆಯಾಗಬಹುದು’. ಪಲಾವಿನಲ್ಲಿ ಕುರಿ, ಫಿತ್ಚಿ ಎಂಬ ಕಡುಬಿನ ಹೊಟ್ಟೆಯಲ್ಲೂ ಮಾಂಸ ಇರುವ ನಾಡಿನಲ್ಲಿ ಅದೆಷ್ಟು ಸ್ವಲ್ಪ ಎಂದು ಚಟ್ನಿಪುಡಿಯ ಡಬ್ಬಿ ಕಟ್ಟಿಕೊಂಡು ಹೊರಡುವ ನಮ್ಮವರಿಗೆ ಹೇಳಬೇಕಾಗಿಲ್ಲ. ತಂದೂರಿನಿಂದ ಬಿಸಿಬಿಸಿ ಬರುವ ಚೋರೆಕ್ ರೊಟ್ಟಿ, ಹಸಿರು ಚಹಾ, ಬೇಸಿಗೆಯ ಕರ್ಬೂಜ ಸಿಕ್ಕರೆ ಹೊಟ್ಟೆಗೆ ಮೋಸವಿಲ್ಲ. ಕರ್ಬೂಜಕ್ಕೆಂದೇ ಅಲ್ಲಿ ಆಗಸ್ಟಿನ ಎರಡನೇ ಭಾನುವಾರ ರಾಷ್ಟ್ರೀಯ ಹಬ್ಬವುಂಟು. ಅದನ್ನು ನೀವು ಬರೆದಿರುವುದು ಊಟದ ಅಧ್ಯಾಯದಲ್ಲಲ್ಲ, ‘ವಿಚಿತ್ರ ಆದರೂ ನಿಜ’ ಎಂಬ ಚೌಕಟ್ಟಿನೊಳಗೆ!

ನನ್ನ ನಿಜವಾದ ತಕರಾರು ಈ ಚೌಕಟ್ಟಿನ ಮೇಲೆಯೇ. ತಪ್ಪು ಬೆಲೆ, ತಪ್ಪು ಬೀದಿಗಳನ್ನು ಕ್ಷಮಿಸಬಹುದು. ಯಾರೂ ಹೋಗದ ದೇಶವನ್ನು ನೀವು ಜೋಕಿನ ಪಟ್ಟಿ ಮಾಡಿದಿರಿ: ಚಿನ್ನದ ಪ್ರತಿಮೆ, ಅಮೃತಶಿಲೆಯ ಖಾಲಿ ರಸ್ತೆ, ಉರಿಯುವ ಗುಂಡಿ. ದರ್ವಾಜಾದ ಆ ಗುಂಡಿಯ ಕಥೆ ನಿಮ್ಮ ಪುಸ್ತಕಗಳಲ್ಲಿ ಅಕ್ಷರ ತಪ್ಪದೆ ಒಂದೇ: 1971ರಲ್ಲಿ ಸೋವಿಯತ್ ಎಂಜಿನಿಯರುಗಳು ಕೊರೆದರು, ನೆಲ ಕುಸಿಯಿತು, ಅನಿಲ ತೀರಲಿ ಎಂದು ಬೆಂಕಿ ಹಚ್ಚಿದರು. ಆದರೆ ಕುಸಿದದ್ದು ಅರವತ್ತರ ದಶಕದಲ್ಲಿ, ಬೆಂಕಿ ಬಿದ್ದದ್ದು ಎಂಬತ್ತರ ದಶಕದಲ್ಲಿ ಎಂದು ಹೇಳುವ ತುರ್ಕ್‌ಮೆನ್ ಭೂವಿಜ್ಞಾನಿಗಳೂ ಇದ್ದಾರೆ; 1971ರ ಕಥೆಗೆ ಗಟ್ಟಿ ದಾಖಲೆ ಸಿಕ್ಕಿಲ್ಲ. ನಿಮಗೆ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ದಾಖಲೆ. ಹತ್ತಿರವಿದ್ದ ದರ್ವಾಜಾ ಎಂಬ ಹಳ್ಳಿಯನ್ನೇ 2004ರಲ್ಲಿ ನಿಯಾಜೊವರ ಆಜ್ಞೆಯಂತೆ ಎಬ್ಬಿಸಿದರು. ಗುಂಡಿಗೆ ಎರಡು ಪುಟ ಕೊಟ್ಟ ನೀವು ಆ ಮನೆಗಳಿಗೆ ಎರಡು ಸಾಲು ಕೊಡಲಿಲ್ಲ. ಈಗ ಗುಂಡಿಯ ಉರಿಯೂ ಸುಮಾರು ಮೂರರಲ್ಲೊಂದು ಪಾಲಿಗೆ ತಗ್ಗಿದೆ ಎಂದು 2025ರಲ್ಲಿ ಅಲ್ಲಿನ ಅಧಿಕಾರಿಗಳೇ ಹೇಳಿದ್ದಾರೆ. ನಿಮ್ಮ ರಕ್ಷಾಪುಟದಲ್ಲಿ ಮಾತ್ರ ಅದು ಧಗಧಗ ಉರಿಯುತ್ತಿದೆ.

ಮರ್ವ್ ಎಂಬ ಊರಿಗೆ ನೀವು ಕೊಟ್ಟದ್ದು ‘ಅರ್ಧ ದಿನ ಸಾಕು’. ಹನ್ನೆರಡನೇ ಶತಮಾನದಲ್ಲಿ ಜಗತ್ತಿನ ಅತಿ ದೊಡ್ಡ ನಗರಗಳ ಸಾಲಿನಲ್ಲಿದ್ದ ಊರು. 1221ರಲ್ಲಿ ಚಂಗೀಸ್ ಖಾನನ ಮಗ ತೊಲುಯಿ ಅದನ್ನು ಹಾಳುಗೆಡವಿದ. ಸುಲ್ತಾನ್ ಸಂಜರನ ಗೋರಿ ಇವತ್ತಿಗೂ ಬಯಲಿನಲ್ಲಿ ನಿಂತಿದೆ. ಅದಕ್ಕೂ ಹಿಂದಿನ ಕೋಟೆಯಲ್ಲಿ ಬೌದ್ಧ ಸ್ತೂಪವಿತ್ತು. ಮರ್ವ್ ಸೀಮೆಯಲ್ಲಿ ಭೂರ್ಜಪತ್ರದ ಮೇಲಿನ ಸಂಸ್ಕೃತ ಹಸ್ತಪ್ರತಿಗಳು ಸಿಕ್ಕಿವೆ. ಇಲ್ಲಿಂದ ಹೋದ ಪ್ರವಾಸಿಗ ಇದನ್ನು ಕೇಳಿದರೆ ಅಲ್ಲೇ ಎರಡು ದಿನ ಕೂರುತ್ತಾನೆ. ಆದರೆ ಅವನು ನಿಮ್ಮ ಶಿಷ್ಯ. ಮಧ್ಯಾಹ್ನದ ಹೊತ್ತಿಗೆ ಕಾರು ಹತ್ತಿ, ತಿರುಗದ ಪ್ರತಿಮೆ ನೋಡಲು ಅವಸರಪಡುತ್ತಾನೆ.

ತಮಾಷೆಯೆಂದರೆ ತುರ್ಕ್‌ಮೆನಿಸ್ತಾನದಲ್ಲಿ ಪ್ರವಾಸಿ ವೀಸಾದ ಮೇಲೆ ಹೋದವರ ಜೊತೆ ಒಬ್ಬ ಗೈಡ್ ಇರಲೇಬೇಕೆಂಬುದು ಬಹುಕಾಲದ ಕಟ್ಟಳೆ. ಎಂದರೆ ಆ ಮಣ್ಣಿನಲ್ಲೇ ಹುಟ್ಟಿ ಬೆಳೆದ ಮನುಷ್ಯ ಮುಂದಿನ ಸೀಟಿನಲ್ಲಿ ಕೂತಿರುತ್ತಾನೆ; ಸರ್ಕಾರದ ವಿಷಯ ತೆಗೆದರೆ ಬಾಯಿ ಬಿಡದಿದ್ದರೂ ಕುದುರೆ, ಕಂಬಳಿ, ಅಜ್ಜಿಯ ಅಡುಗೆ, ಮಿಥುನ್ ಚಕ್ರವರ್ತಿ ಎಂದರೆ ನಿಲ್ಲಿಸುವುದೇ ಇಲ್ಲ. ಹಿಂದಿನ ಸೀಟಿನ ಪ್ರವಾಸಿ ತಲೆ ಬಗ್ಗಿಸಿ ನಿಮ್ಮ ಪುಟ ತಿರುವುತ್ತ, “ಇದರಲ್ಲಿ ಹಾಗೆ ಬರೆದಿಲ್ಲವಲ್ಲ” ಎಂದು ಅವನನ್ನು ತಿದ್ದುತ್ತಾನೆ.

ನಿಮ್ಮ ಕುಲದ ಹಿರಿಯರಾದ ಜರ್ಮನಿಯ ಬೇಡೆಕರ್ ಸಂಸ್ಥೆಯವರು ರಷ್ಯಾ ಸಾಮ್ರಾಜ್ಯದ ಮೇಲೆ ಇಂಗ್ಲಿಷಿನಲ್ಲಿ ದಪ್ಪನೆಯ ಮಾರ್ಗದರ್ಶಿ ತಂದರು. ಕ್ಯಾಸ್ಪಿಯನ್ ಆಚೆಯ ರೈಲುದಾರಿಯ ವಿವರವೂ ಅದರಲ್ಲಿತ್ತು. ಪ್ರಕಟವಾದದ್ದು 1914ರಲ್ಲಿ. ಆ ವರ್ಷವೇ ಯುದ್ಧ, ಮೂರು ವರ್ಷಕ್ಕೆ ಸಾಮ್ರಾಜ್ಯವೇ ಇಲ್ಲ. ಇಷ್ಟಾದರೂ ನಿಮ್ಮ ವಂಶಕ್ಕೆ ವಿನಯ ಬರಲಿಲ್ಲ.

ಆದ್ದರಿಂದ ಒಂದೇ ಒಂದು ಬಿನ್ನಹ. ಮುಂದಿನ ಆವೃತ್ತಿಯಲ್ಲಿ ವಿಚಿತ್ರಗಳ ಚೌಕಟ್ಟು ಕಿತ್ತು ಆ ಜಾಗವನ್ನು ಮರ್ವ್‌ಗೆ ಕೊಡಿ. ಪ್ರತಿ ಪುಟದ ಅಡಿಯಲ್ಲಿ, ನೀವು ಆ ಊರಿಗೆ ಸ್ವತಃ ಹೋದ ತಿಂಗಳು ಮತ್ತು ವರ್ಷವನ್ನು ಅಚ್ಚು ಹಾಕಿಸಿ. ಹೋಗಿರದಿದ್ದರೆ ಹೋಗಿಲ್ಲ ಎಂದು ಹಾಕಿಸಿ. ತಿಂಗಳ ಹೆಸರು ಏಪ್ರಿಲ್ ಎಂದೇ ಇರಲಿ, ನಿಯಾಜೊವರ ತಾಯಿಯದು ಬೇಡ.

ಇಂತಿ,
ನಿಮ್ಮ ಪುಸ್ತಕವನ್ನು ಎರಡೇ ಸಲ ಓದಿರುವ
ಒಬ್ಬ ಓದುಗ