ವ್ಯತ್ಯಯ ವಿಷಾದ ಮೀಮಾಂಸೆ

ಪೀಠಿಕೆ: ಕರೆಂಟ್ ಹೋಗುವುದು ಭೌತಶಾಸ್ತ್ರದ ವಿಷಯ, ಹೋದದ್ದಕ್ಕೆ ವಿಷಾದಿಸುವುದು ಅಲಂಕಾರಶಾಸ್ತ್ರದ ವಿಷಯ. ಮೊದಲನೆಯದರ ಮೇಲೆ ಗ್ರಂಥಗಳು ರಾಶಿ ಬಿದ್ದಿವೆ. ಎರಡನೆಯದಕ್ಕೆ ದಿಕ್ಕಿಲ್ಲ. ಆ ಕೊರತೆ ನೀಗಲೆಂದು ಈ ಕಿರುಪ್ರಬಂಧ.

ಕಾಲವಿಭಾಗ: ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಬಂತು. ಬಂದದ್ದು ಹೋಗಲೇಬೇಕಾದ್ದರಿಂದ ನಮ್ಮ ಶಾಸ್ತ್ರದ ಬೀಜವೂ ಆಗಲೇ ಬಿತ್ತು. ಇದರಲ್ಲಿ ಮೂರು ಯುಗಗಳು. ಸೆಕ್ಷನ್ ಆಫೀಸಿನ ಫೋನಿನ ರಿಸೀವರನ್ನು ತೆಗೆದು ಪಕ್ಕಕ್ಕಿಡುತ್ತಿದ್ದದ್ದು ಮೌನಯುಗ. ಸಹಾಯವಾಣಿ 1912ಕ್ಕೆ (ಇಸವಿಯಲ್ಲ, ಫೋನ್ ನಂಬರ್) ಕರೆ ಮಾಡಿ ಸಂಗೀತ ಕೇಳುವುದು ಗಾನಯುಗ. ಎಕ್ಸ್‌ನಲ್ಲಿ ದೂರಿ, ಕೈಮುಗಿದ ಎಮೋಜಿ ಪಡೆದು ಕೃತಾರ್ಥರಾಗುವುದು ಸದ್ಯದ ವಿಷಾದಯುಗ.

ಸೂತ್ರ 1: ತಾಂತ್ರಿಕ ಕಾರಣವೇ ಪರಮಕಾರಣ.
ಭಾಷ್ಯ: ಮರ ಬಿತ್ತು, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು, ಜಂಪ್ ವೈರ್ ಕಡಿಯಿತು ಎಂದು ಬಿಡಿಸಿ ಹೇಳಿದರೆ ಗ್ರಾಹಕನಿಗೆ ಅರ್ಥವಾಗಿಬಿಡುವ ಅಪಾಯವಿದೆ. ಅರ್ಥವಾದವನು ‘ಎಷ್ಟು ಹೊತ್ತಾಗುತ್ತೆ?’ ಎಂದು ಕೇಳುತ್ತಾನೆ. ‘ತಾಂತ್ರಿಕ ಕಾರಣ’ ಎಂದರೆ ಮುಂದೇನು ಕೇಳಬೇಕೆಂದೇ ಅವನಿಗೆ ತೋಚುವುದಿಲ್ಲ.

ಸೂತ್ರ 2: ಪ್ರಶ್ನೆಗೆ ಮರುಪ್ರಶ್ನೆಯೇ ಉತ್ತರ.
ಭಾಷ್ಯ: ‘ಸರ್, ದಯವಿಟ್ಟು ಆರ್‌ಆರ್ ನಂಬರ್, ಮೊಬೈಲ್ ನಂಬರ್, ಲ್ಯಾಂಡ್‌ಮಾರ್ಕ್ ಕಳಿಸಿ.’ ಆರ್‌ಆರ್ ನಂಬರ್ ಇರುವುದು ಬಿಲ್ಲಿನಲ್ಲಿ. ಬಿಲ್ಲು ಇರುವುದು ಅಡುಗೆಮನೆಯ ಕ್ಯಾಲೆಂಡರ್ ಹಿಂದೆ. ಹುಡುಕಲು ಬೇಕಾದ ಟಾರ್ಚ್ ಇರುವುದು ಮೊಬೈಲಿನಲ್ಲಿ. ಮೊಬೈಲಿನಲ್ಲಿ ಉಳಿದ ಚಾರ್ಜ್ ಶೇ 4. ಬಿಲ್ಲು ಕೈಗೆ ಸಿಗುವ ಹೊತ್ತಿಗೆ ಫೋನ್ ಕಣ್ಣು ಮುಚ್ಚಿರುತ್ತದೆ. ದೂರು ತಾನಾಗಿ ಶಾಂತವಾಗುತ್ತದೆ. ಇದಕ್ಕೆ ‘ಬ್ಯಾಟರಿಮೋಕ್ಷ’ ಎಂದು ಹೆಸರು.

ಸೂತ್ರ 3: ಏನೇ ಆದರೂ ನಿತ್ಯಕರ್ಮ ಬಿಡಬಾರದು.
ಭಾಷ್ಯ: ಬಡಾವಣೆ ಕತ್ತಲಲ್ಲಿ ಕೂತಿರುವಾಗಲೂ, ಮೊದಲೇ ಸಮಯ ಗೊತ್ತುಮಾಡಿಟ್ಟ ‘ವಿದ್ಯುತ್ ಉಳಿಸಿ’ ಪೋಸ್ಟರ್ ಸರಿಯಾಗಿ ಏಳು ಗಂಟೆಗೆ ಬರಬೇಕು. ಉಪದೇಶವನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಓದುಗರು ಬೇರೆ ಹೊತ್ತಿನಲ್ಲಿ ಸಿಗುವುದಿಲ್ಲ.

ವಿದೇಶೀ ಪ್ರಮಾಣ: 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಕಾಲ ಮಲಗಿದವು. ವಿಷಾದಿಸಲು ಸ್ವಂತ ಜಾಗವೇ ಇಲ್ಲದ ಫೇಸ್‌ಬುಕ್, ಪಕ್ಕದ ಮನೆಯ ಜಗಲಿ ಹತ್ತಿ ಕೂಗಿದಂತೆ, ಟ್ವಿಟರ್‌ನಲ್ಲಿ ಕ್ಷಮೆ ಕೇಳಿತು. ಕ್ಷಮೆಯ ಕಂಬವನ್ನು ಕೆಡುವ ಲೈನಿಗೇ ಕಟ್ಟಬಾರದೆಂಬ ಪಾಠ ಇಲ್ಲಿದೆ. ಆದರೆ ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡು ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೇ ಕಡಿಯಿತೆಂದು ಮರುದಿನ ಅವರ ಎಂಜಿನಿಯರರೇ ಎಳೆಎಳೆಯಾಗಿ ಬರೆದರು. ಸೂತ್ರ 1ರ ಇಂಥ ಘೋರ ಉಲ್ಲಂಘನೆಯನ್ನು ನಮ್ಮ ಪರಂಪರೆ ಒಪ್ಪದು.

ಅಪವಾದ: ಕೆಲವು ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲೈನ್‌ಮನ್ ಕೂಡ ಇರುತ್ತಾನೆಂದು ತಿಳಿದುಬಂದಿದೆ. ಅಂಥವನ ಒಂದು ಸಂದೇಶ: ‘ಮರ ಬಿದ್ದು ವೈರ್ ಕಟ್ ಆಗಿದೆ. ಲೈನ್ ಕ್ಲಿಯರ್ ತಗೊಂಡು ಕೆಲಸ ಮಾಡ್ತಿದೀವಿ. ಒಂಬತ್ತೂವರೆ ಆಗುತ್ತೆ.’ ಜೊತೆಗೆ ಮುರಿದ ಕೊಂಬೆಯ ಅಲುಗಾಡಿದ ಫೋಟೊ. ಒಂಬತ್ತೂವರೆಗೆ ಇನ್ನೊಂದು: ‘ಇನ್ನೂ ಅರ್ಧ ಗಂಟೆ ಬೇಕು, ಕೊಂಬೆ ದಪ್ಪ ಇದೆ.’ ಬೈಯುತ್ತಿದ್ದವರು ಬೈಗುಳ ನಿಲ್ಲಿಸಿ, ಮೇಣದಬತ್ತಿ ಹಚ್ಚಿಕೊಂಡು ಊಟಕ್ಕೆ ಕೂತರು. ಒಬ್ಬರು ‘ಹುಷಾರಪ್ಪ, ಮಳೆ ಇದೆ’ ಎಂದೂ ಬರೆದರು. ಆದರೆ ಸಂದೇಶದಲ್ಲಿ ವಿಷಾದವಿಲ್ಲ, ‘ಗೌರವಾನ್ವಿತ ಗ್ರಾಹಕರೇ’ ಇಲ್ಲ, ಲೋಗೋ ಮೊದಲೇ ಇಲ್ಲ. ಆದ್ದರಿಂದ ಅದರಿಂದ ಹುಟ್ಟಿದ ನಂಬಿಕೆಯನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ.

ಫಲಶ್ರುತಿ: ಈ ಮೀಮಾಂಸೆಯನ್ನು ಭಕ್ತಿಯಿಂದ ಪಠಿಸುವವರಿಗೆ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಎಸ್‌ಎಂಎಸ್ ತಪ್ಪದೆ ಬರುತ್ತದೆ. ಕರೆಂಟು ಬೇಕಾದವರು ಲೈನ್‌ಮನ್‌ನನ್ನು ವಿಚಾರಿಸುವುದು.