ಮಾರಿಕುಪ್ಪಂನಿಂದ ಕೊಲಂಬೊವರೆಗೆ

ಬಂಗಾರಪೇಟೆಯ ರಾಜಕೀಯ ವಿಮರ್ಶೆಗೆ ಹಳಿಯೇ ಆಧಾರ. ಬೆಳಿಗ್ಗೆ ಮಾರಿಕುಪ್ಪಂ ಬಿಟ್ಟು ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ತಿಂಗಳ ಪಾಸಿನವರು ಇದನ್ನು ದಿನಾ ನಡೆಸಿಕೊಂಡು ಬಂದಿದ್ದಾರೆ. ಯಾವುದಾದ ಮೇಲೆ ಯಾವುದು ಎಂಬುದನ್ನು ನಿಲ್ದಾಣಗಳೇ ಗೊತ್ತುಮಾಡಿವೆ. ಚಾಂಪಿಯನ್, ಉರಿಗಾಂ, ಕೋರಮಂಡಲ ದಾಟುವವರೆಗೆ ನಗರಸಭೆ. ಬಂಗಾರಪೇಟೆಯಿಂದ ಟೇಕಲ್‌ವರೆಗೆ ಜಿಲ್ಲೆ. ಮಾಲೂರಿಗೆ ವಿಧಾನಸೌಧ, ವೈಟ್‌ಫೀಲ್ಡ್‌ಗೆ ದೆಹಲಿ, ಕೆ.ಆರ್. ಪುರದ ಹೊತ್ತಿಗೆ ವಿದೇಶ. ಕಂಟೋನ್ಮೆಂಟ್ ಬಂದೊಡನೆ ಜಗತ್ತನ್ನು ಇದ್ದಲ್ಲೇ ಬಿಟ್ಟು ಎಲ್ಲರೂ ಬಸ್ಸಿಗೆ ಓಡುತ್ತಾರೆ.

ಅಧಿಕಾರ ಎಷ್ಟು ದೂರವೋ ದನಿ ಅಷ್ಟು ದೊಡ್ಡದು ಎಂಬುದು ಈ ಶಾಸ್ತ್ರದ ಮೊದಲ ಸೂತ್ರ. ಚರಂಡಿಯ ವಿಷಯವನ್ನು ಪಿಸುಮಾತಿನಲ್ಲೇ ಮುಗಿಸಬೇಕು. ಎದುರು ಸೀಟಿನಲ್ಲಿ ಕಂಟ್ರಾಕ್ಟರನ ಭಾಮೈದ ಕೂತಿರುತ್ತಾನೆ. ಟ್ರಂಪ್ ಕಡೆಯವರು ಯಾರೂ ಟೇಕಲ್‌ನಲ್ಲಿ ಹತ್ತುವುದಿಲ್ಲವಾದ್ದರಿಂದ ಆತನ ಮೇಲೆ ಹರಿಹಾಯಲು ಅಡ್ಡಿಯಿಲ್ಲ.

ಸ್ಥಳೀಯ ಇತಿಹಾಸವೂ ವಿಮರ್ಶಕರಿಗೆ ಸುಲಭದ ತುತ್ತಲ್ಲ. ರೈಲು ಹೊರಡುವ ಚಿನ್ನದ ಗಣಿಯ ಕ್ಷೇತ್ರ ಕಮ್ಯುನಿಸ್ಟರನ್ನು ಕಂಡಿದೆ, ರಿಪಬ್ಲಿಕನ್ ಪಕ್ಷದವರನ್ನು ಕಂಡಿದೆ. 1999ರಲ್ಲಿ ಎಐಎಡಿಎಂಕೆಯ ಶಾಸಕರನ್ನು ಕರ್ನಾಟಕದ ವಿಧಾನಸಭೆಗೆ ಕಳಿಸಿಕೊಟ್ಟಿದೆ. 2008ರಲ್ಲಿ ವೈ. ಸಂಪಂಗಿ ಗೆದ್ದರು, 2013ರಲ್ಲಿ ಅವರ ತಾಯಿ ವೈ. ರಾಮಕ್ಕ. ಬೇರೆ ಕಡೆ ಅಪ್ಪನಿಂದ ಮಗನಿಗೆ ಇಳಿಯುವ ಟಿಕೆಟ್ಟು ಇಲ್ಲಿ ಮಗನಿಂದ ತಾಯಿಗೆ ಏರಿತು. 2018ರಲ್ಲಿ ಗೆದ್ದವರು ಇನ್ನೊಂದು ಪಕ್ಷದ ರೂಪಕಲಾ. ಅವರು ಕೋಲಾರದ ಸಂಸದರಾಗಿದ್ದ ಕೆ.ಎಚ್. ಮುನಿಯಪ್ಪನವರ ಮಗಳು. ಕುಟುಂಬ ರಾಜಕಾರಣವನ್ನು ಖಂಡಿಸಲು ಹೊರಟವರು ಅದನ್ನು ಮೇಲಿನಿಂದ ಹಿಡಿಯಬೇಕೋ ಕೆಳಗಿನಿಂದಲೋ ತಿಳಿಯದೆ ಕಿಟಕಿಯಾಚೆ ನೋಡುತ್ತಾರೆ. ಹೆಸರಿನ ವಿಚಾರದಲ್ಲಿ ಮಾತ್ರ ಊರಿಗೆ ಯಾವ ಗೊಂದಲವೂ ಇರಲಿಲ್ಲ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬನ ಹೆಸರಿನ ಬೌರಿಂಗ್‌ಪೇಟೆಯನ್ನು ಜನ ಬಂಗಾರಪೇಟೆ ಮಾಡಿಕೊಂಡರು.

ಜಿಲ್ಲೆಯ ಮಟ್ಟದಲ್ಲಿ ಎಲ್ಲ ಚರ್ಚೆಯೂ ನೀರಿಗೆ ಬಂದು ನಿಲ್ಲುತ್ತದೆ. ಬೆಂಗಳೂರಿನ ಬಚ್ಚಲ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಪಾಸಿನವರ ಪ್ರಕಾರ ಇದು ನ್ಯಾಯವಾದ ವಿನಿಮಯ: ಬೆಳಿಗ್ಗೆ ಜಿಲ್ಲೆಯ ಜನ ರಾಜಧಾನಿಗೆ, ರಾಜಧಾನಿಯ ನೀರು ಜಿಲ್ಲೆಗೆ, ಎರಡೂ ಬಳಕೆಯಾದ ಮೇಲೆಯೇ ಹಿಂದಿರುಗುವುದು. ಇನ್ನೊಂದು ನೀರಿನ ಯೋಜನೆ ಎತ್ತಿನಹೊಳೆಗೆ 2014ರಲ್ಲಿ ಶಂಕುಸ್ಥಾಪನೆ, ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರ್‌ನಲ್ಲಿ, ಅದೂ ಸಕಲೇಶಪುರದ ಕಡೆ. ಪಶ್ಚಿಮಘಟ್ಟದ ಆ ನೀರು ಪೂರ್ವದ ಗಡಿಯವರೆಗೆ ನಡೆದು ಬರಬೇಕು. ಊರಿನ ಹೆಸರುವಾಸಿ ಪಾನಿಪೂರಿಯ ಪಾನಿ ಮಾತ್ರ ಗಾಜಿನಷ್ಟು ತಿಳಿ, ಬಾಯಿಗಿಟ್ಟರೆ ಖಾರ. ಎಲ್ಲ ಪಕ್ಷಗಳ ಪ್ರಣಾಳಿಕೆಯಲ್ಲೂ ಬರುವ ಪಾರದರ್ಶಕತೆ ಇಲ್ಲಿ ಕಣ್ಣಿಗೆ ಬೀಳುವುದು ಆ ತಟ್ಟೆಯಲ್ಲೇ.

ವಿದೇಶದ ದಂಗೆಗಳನ್ನು ಅಳೆಯುವುದೂ ಈ ನೀರಿನ ಅಳತೆಯಿಂದಲೇ. 2022ರ ಜುಲೈನಲ್ಲಿ ಕೊಲಂಬೊದ ಜನ ಅಧ್ಯಕ್ಷರ ಮನೆಗೆ ನುಗ್ಗಿ ಈಜುಕೊಳಕ್ಕೆ ಧುಮುಕಿದರು. ಆ ದೃಶ್ಯದಿಂದ ಜಗತ್ತು ಪ್ರಜಾಶಕ್ತಿಯ ಬಗ್ಗೆ ಯೋಚಿಸಿತು. ಬೋಗಿಯಲ್ಲಿ ಮೊದಲು ಬಂದ ಮಾತು, 'ಏನು ನೀರಪ್ಪಾ ಅದು, ಒಬ್ಬನ ಮನೆಗೆ!' 2024ರ ಆಗಸ್ಟ್‌ನಲ್ಲಿ ಶೇಖ್ ಹಸೀನಾ ಢಾಕಾ ಬಿಟ್ಟು ಹೊರಟಾಗ ಕೆ.ಆರ್. ಪುರದಲ್ಲಿ ಸಿಗ್ನಲ್ ಇರಲಿಲ್ಲವಾಗಿ ಚರ್ಚೆ ಸ್ವಲ್ಪ ಲಂಬಿಸಿತು. 2025ರ ಸೆಪ್ಟೆಂಬರ್‌ನಲ್ಲಿ ನೇಪಾಳದ ಹುಡುಗರು ಸರ್ಕಾರ ಬೀಳಿಸಿ, ಹಂಗಾಮಿ ಪ್ರಧಾನಿ ಯಾರಾಗಬೇಕೆಂದು ಮೊಬೈಲಿನ ಆಪ್‌ನಲ್ಲೇ ಚರ್ಚಿಸಿದ್ದು ಎಲ್ಲಕ್ಕಿಂತ ಹೆಚ್ಚು ಚಕಿತಗೊಳಿಸಿತು. ಇಲ್ಲಿನ ವಾಟ್ಸಾಪ್ ಗ್ರೂಪಿನಲ್ಲಿ ನಾಳೆ ಸೀಟು ಹಿಡಿಯುವವರು ಯಾರೆಂಬುದೇ ಇನ್ನೂ ತೀರ್ಮಾನವಾಗಿಲ್ಲ.

'ನಮ್ಮ ಕಡೆ ಅಂಥದ್ದೆಲ್ಲ ಆಗಲ್ಲ ಬಿಡಿ' ಎಂಬ ಮಾತು ಆಗ ಬಂದೇ ಬರುತ್ತದೆ. ರೈಲು ಹೊರಟ ಜಾಗಕ್ಕೇ ಅದು ಒಪ್ಪುವುದಿಲ್ಲ. 1930ರಲ್ಲಿ ಗಣಿ ಕಂಪನಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಣಿ ಮಾಡಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದ್ದರು. ನಮ್ಮನ್ನೇನು ಕಳ್ಳರು ಅಂದುಕೊಂಡಿರಾ ಎಂಬುದು ಅವರ ಸಿಟ್ಟು. ಆ ಗಣಿಗಳಿಗೆ 2001ರ ಫೆಬ್ರವರಿ 28ಕ್ಕೆ ಬೀಗ ಬಿತ್ತು. ಅವರ ಮೊಮ್ಮಕ್ಕಳು ಈಗ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ತಾವಾಗಿಯೇ ಹೆಬ್ಬೆಟ್ಟು ಒತ್ತುತ್ತಾರೆ. ಯಂತ್ರ ಒಪ್ಪದಿದ್ದರೆ ಬೆರಳನ್ನು ಪ್ಯಾಂಟಿಗೆ ಒರೆಸಿ ಮತ್ತೆ ಒತ್ತುತ್ತಾರೆ.

ಸಂಜೆಯ ರೈಲಿನಲ್ಲಿ ಪಾಠ ಹಿಂದುಮುಂದಾಗಿ ನಡೆಯಬೇಕಾದದ್ದು ನ್ಯಾಯ. ಆದರೆ ವೈಟ್‌ಫೀಲ್ಡ್‌ವರೆಗೆ ಕಾಲೂರಲು ಜಾಗವಿರುವುದಿಲ್ಲ, ಆಮೇಲೆ ಜಾಗ ಸಿಕ್ಕವರು ನಿದ್ದೆಹೋಗುತ್ತಾರೆ. ಮಾಲೂರು ದಾಟಿದ ಮೇಲೆ ನಗರಸಭೆಯ ಮಾತು ಇನ್ನೇನು ಎದ್ದಿತು ಎನ್ನುವಾಗ ಯಾರದೋ ಮನೆಯಿಂದ ಫೋನು ಬರುತ್ತದೆ: ನಲ್ಲಿಯಲ್ಲಿ ನೀರು ಬಿಟ್ಟಿದ್ದಾರೆ. ಉಳಿದ ವಿಷಯ ಮರುದಿನ ಚಾಂಪಿಯನ್‌ಗೆ ಹೋಗುತ್ತದೆ.