ಗಂಜಿನ ಲೆಕ್ಕವನ್ನು ಎಕ್ಸೆಲ್ ಹೊಟ್ಟೆಗೆ ಇಳಿಸುವ ಕ್ರಮ

ಯಾರಿಗಾಗಿ: ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ‘ಕಂಪ್ಯೂಟರ್ ಗೊತ್ತಿರೋ ಹುಡುಗ’ ಎಂದು ಹೆಸರು ಮಾಡಿದವರಿಗೆ.

ಬೇಕಾದ ಸಾಮಗ್ರಿ: ವಿಂಡೋಸ್ ಕಂಪ್ಯೂಟರ್, ಎಕ್ಸೆಲ್, ಸಾವ್ಕಾರರ ನಂಬಿಕೆ.

ಹಂತ 1: ಆಲ್ಟ್ ಮತ್ತು ಎಫ್11 ಒಟ್ಟಿಗೆ ಒತ್ತಿ. 1993ರಿಂದಲೂ ಎಕ್ಸೆಲ್‌ಗೆ ಇರುವ ವಿಬಿಎ ಎಂಬ ಮ್ಯಾಕ್ರೊ ಭಾಷೆಯ ಒಳಕೋಣೆ ತೆರೆಯುತ್ತದೆ. ಚೀಲ, ತೂಕ, ದರ ಹಾಕಿದರೆ ಹಮಾಲಿ ಕಳೆದು ರೈತನ ಪಟ್ಟಿ ಪ್ರಿಂಟ್ ಮಾಡುವ ಮ್ಯಾಕ್ರೊ ಬರೆದು ಅಲ್ಲಿ ಕೂರಿಸಿ. ಫೈಲನ್ನು ಎಕ್ಸ್‌ಎಲ್‌ಎಸ್‌ಎಂ ಎಂದೇ ಸೇವ್ ಮಾಡಿ. ಎಕ್ಸ್‌ಎಲ್‌ಎಸ್‌ಎಕ್ಸ್ ಎಂದು ಸೇವ್ ಮಾಡಿದರೆ ಅಂಕಿಗಳು ಉಳಿಯುತ್ತವೆ, ಬುದ್ಧಿ ಹೋಗುತ್ತದೆ.

ಹಂತ 2: ಮ್ಯಾಕ್ರೊದೊಳಗೆ ಕನ್ನಡದಲ್ಲಿ ‘ಭತ್ತ’ ಎಂದು ಬರೆದು ನೋಡಿ. ಬರೇ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಹಾಳೆಯಲ್ಲಿ ಕನ್ನಡ ಬರುತ್ತದೆ, ಒಳಕೋಣೆಗೆ ಯುನಿಕೋಡ್ ಬರುವುದಿಲ್ಲ. ಆದ್ದರಿಂದ ಭತ್ತವನ್ನು 3245, 3236, 3277, 3236 ಎಂಬ ಯುನಿಕೋಡ್ ಸಂಖ್ಯೆಗಳಲ್ಲಿ ಬರೆಯಿರಿ: ಭ, ತ, ಅರ್ಧಾಕ್ಷರದ ಗುರುತು, ಮತ್ತೊಂದು ತ. ಪದಗಳನ್ನು ಬೇರೆ ಹಾಳೆಯಲ್ಲಿ ಟೈಪಿಸಿ ಅಲ್ಲಿಂದ ಓದಿಸುವ ಸುಲಭ ದಾರಿಯೂ ಉಂಟು. ಆದರೆ ಅಂಕಿ ಕಂಡಾಗ ಸಾವ್ಕಾರರಿಗೆ ನಿಮ್ಮ ಮೇಲೆ ಹುಟ್ಟುವ ಗೌರವ ಅದರಲ್ಲಿ ಹುಟ್ಟುವುದಿಲ್ಲ.

ಹಂತ 3: ಹಳೆಯ ಪಟ್ಟಿಗಳು ‘ಡಿ’ ಡ್ರೈವಿನ ಯಾವ ಫೋಲ್ಡರಿನಲ್ಲಿವೆ, ಪ್ರಿಂಟರ್ ಹೆಸರೇನು, ಇವನ್ನೆಲ್ಲ ಮ್ಯಾಕ್ರೊದಲ್ಲಿ ಅಚ್ಚೊತ್ತಿಬಿಡಿ. ಫೈಲ್ ತಾನು ಇರುವ ಜಾಗವನ್ನು ತಾನೇ ಹೇಳಬಲ್ಲದು, ಆದರೆ ಕೇಳಬೇಡಿ.

ಹಂತ 4: ಬೆಳೆಯ ಹೆಸರುಗಳನ್ನು ‘ನುಡಿ’ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿಯೇ ಬಿಡಿ. ಕಣ್ಣಿಗೆ ಅಪ್ಪಟ ಕನ್ನಡ. ಒಳಗಿರುವುದು ಕನ್ನಡದ ವೇಷ ಹಾಕಿದ ರೋಮನ್ ಅಕ್ಷರ, ಚಿಹ್ನೆಗಳು.

ಹಂತ 5: ಈಗ ಫೈಲನ್ನು ಮಾನ್ವಿಯ ರೈಸ್ ಮಿಲ್ಲಿಗೂ ದೇವದುರ್ಗದ ಹತ್ತಿ ಖರೀದಿದಾರರಿಗೂ ಮೇಲ್ ಮಾಡಿ. ಫೋನ್ ಚಾರ್ಜಿಗೆ ಹಾಕಿಕೊಳ್ಳಿ.

ಬರುವ ದೂರುಗಳು, ಪರಿಹಾರಗಳು:

“ಕೆಂಪು ಪಟ್ಟಿ ಬಂದದರೀ, ಬಟನ್ ಒತ್ತಿದ್ರ ಏನೂ ಆಗವಲ್ದು.” 1999ರಲ್ಲಿ ಮೆಲಿಸ್ಸಾ ಎಂಬ ವೈರಸ್ ವರ್ಡ್ ಮ್ಯಾಕ್ರೊದಲ್ಲಿ ಕುಳಿತು ಲೋಕ ಸುತ್ತಿತು. ಅಂಥ ಕಾಟ ತಡೆಯಲು 2022ರಿಂದ ಮೈಕ್ರೋಸಾಫ್ಟ್ ಇಂಟರ್‌ನೆಟ್‌ನಿಂದ ಬಂದ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಯುತ್ತಿದೆ. ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮೇಲೆ ಟಿಕ್ ಹಾಕಲು ಹೇಳಿ. ಫೈಲ್ ನಿಮ್ಮದೇ ಎಂದು ಖಾತ್ರಿಯಾದ ಮೇಲೆ ಮಾತ್ರ.

“ಡಿ ಡ್ರೈವೇ ಇಲ್ರೀ ನಮ್ಮಲ್ಲಿ.” ಹಂತ 3 ಯಶಸ್ವಿಯಾಗಿದೆ.

“ಸೋನಾ ಮಸೂರಿಯೊಳಗ ಪೌಂಡ್ ಯಾಕ್ ಬಂತು?” ಆ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇಲ್ಲ. ಹಳೆಯ ಸಂಕೇತದಲ್ಲಿ ‘ನ’ಕಾರ ಕುಳಿತಿರುವುದು ಬ್ರಿಟಿಷ್ ಪೌಂಡಿನ ಜಾಗದಲ್ಲಿ. ಅಕ್ಕಿ ಲಂಡನ್ನಿಗೆ ಹೊರಟಿಲ್ಲ ಎಂದು ಸಮಾಧಾನ ಹೇಳಿ.

“ತಾರೀಖು ತಪ್ಪಾಗ್ಯಾವ, ಆದ್ರ ಎಲ್ಲಾ ಅಲ್ಲ.” ಇದು ಅಪಾಯದ ದೂರು. ಅವರ ವಿಂಡೋಸ್ ರೀಜನ್ ಸೆಟ್ಟಿಂಗ್ ಅಮೆರಿಕದ್ದು, ಅಲ್ಲಿ ತಿಂಗಳು ಮೊದಲು. 05/12 ಎಂದು ಬರೆದ ಡಿಸೆಂಬರ್ 5, ಮ್ಯಾಕ್ರೊಗೆ ಮೇ 12. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಮಾನ್ವಿ ಕಡೆ ಎರಡು ಬೆಳೆ ತೆಗೆಯುವುದರಿಂದ ಮುಂಗಾರಿನ ಭತ್ತ ಸದ್ದಿಲ್ಲದೆ ಬೇಸಿಗೆ ಭತ್ತವಾಗುತ್ತದೆ, ಯಾರಿಗೂ ಅನುಮಾನ ಬಾರದು. 13ನೇ ತಾರೀಖಿನಿಂದ ಎಲ್ಲ ಸರಿ, ಏಕೆಂದರೆ 13ನೇ ತಿಂಗಳು ಇಲ್ಲ; ಮ್ಯಾಕ್ರೊ ತಾನೇ ತಿರುಗಿಸಿ ಓದಿಕೊಳ್ಳುತ್ತದೆ. ಹೀಗೆ ತಿಂಗಳ ಮೊದಲ 12 ದಿನ ಮಾತ್ರ ಲೆಕ್ಕ ಕೆಡುತ್ತದೆ. ಅದರಲ್ಲೂ ದಿನ, ತಿಂಗಳು ಎರಡೂ ಒಂದೇ ಅಂಕಿಯಾದ ದಿನ ಕೆಡುವುದಿಲ್ಲ.

ಐಚ್ಛಿಕ ಹಂತ: ಫೈಲಿನ ಮೊದಲಿಗೆ ‘ಸೆಟ್ಟಿಂಗ್’ ಎಂಬ ಹಾಳೆ ಸೇರಿಸಿ. ಫೋಲ್ಡರ್, ಪ್ರಿಂಟರ್, ತಾರೀಖಿನ ಕ್ರಮ ಎಲ್ಲವನ್ನೂ ಅಲ್ಲಿ ಕನ್ನಡದಲ್ಲಿ ಬರೆದಿಡಿ. ಮ್ಯಾಕ್ರೊ ಅಲ್ಲಿಂದಲೇ ಓದಲಿ. ದಿನ, ತಿಂಗಳು, ವರ್ಷಕ್ಕೆ ಬೇರೆ ಬೇರೆ ಕಾಲಂ ಮಾಡಿ. ಹೆಸರುಗಳನ್ನು ಯುನಿಕೋಡ್‌ಗೆ ತನ್ನಿ. ಆಗ ಮಾನ್ವಿಯ ಗುಮಾಸ್ತರೂ ದೇವದುರ್ಗದ ಗುಮಾಸ್ತರೂ ತಮ್ಮ ಸೆಟ್ಟಿಂಗನ್ನು ತಾವೇ ಬದಲಿಸಿಕೊಳ್ಳುತ್ತಾರೆ. ಅರ್ಧ ದಿನದ ಕೆಲಸ.

ಎಚ್ಚರಿಕೆ: ಈ ಹಂತ ಮುಗಿಸಿದವರಿಗೆ ಫೋನ್ ಬರುವುದು ನಿಲ್ಲುತ್ತದೆ. ಸಂಬಳ ಹೆಚ್ಚಿಸಿ ಎಂದು ಕೇಳುವುದಿದ್ದರೆ ಮೊದಲು ಅದನ್ನು ಕೇಳಿ, ಆಮೇಲೆ ಹಾಳೆ ಸೇರಿಸಿ.